ಫೋಟೋದಿಂದ ಸೂರ್ಯನ ಸ್ಥಾನ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಏಳೆಂಟು ವರ್ಷಗಳಿಂದ ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಸೂರ್ಯನನ್ನು ಅಳೆಯುತ್ತಿದ್ದೇನೆ. ನೆರೆಯವರು ಮೊದಮೊದಲು ನನ್ನನ್ನು ಹವಾಮಾನ ಇಲಾಖೆಯವನು ಎಂದುಕೊಂಡಿದ್ದರು. ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಶಾಲಾ ಶಿಕ್ಷಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸೋಲಾರ್ ಫಲಕ ಕೂರಿಸುವವರು ಮಾತ್ರ ಕೇಳುತ್ತಲೇ ಇರುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆದ್ದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸೂರ್ಯನ ಸ್ಥಾನ ಎಂದರೆ ಅಳೆಯುವುದು ಏನನ್ನು?

ಎರಡು ಕೋನಗಳನ್ನು. ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೆ ಎಂಬುದು ಉನ್ನತಿ. ಉತ್ತರದಿಂದ ಪೂರ್ವದ ಕಡೆಗೆ ಎಷ್ಟು ತಿರುಗಿದರೆ ಅವನ ನೇರಕ್ಕೆ ಬರುತ್ತೇವೆ ಎಂಬುದು ದಿಗಂಶ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಇವು ಪಂಚಾಂಗದವರ ಹಳೆಯ ಮಾತುಗಳು. ಕೋನಕ್ಕೂ ನಿಮಿಷ, ಸೆಕೆಂಡ್ ಎಂದರೆ ಗಡಿಯಾರದ ನಿಮಿಷದ ಜೊತೆ ಕಲಸಿಹೋಗುತ್ತದೆ, ಅದಕ್ಕೇ ನನಗೆ ಇವೇ ವಾಸಿ. (ಸೂರ್ಯನ ಮೈಮೇಲಿನ ಕಪ್ಪು ಕಲೆ ಬೇರೆ, ಅದರ ಮಾತು ಮುಂದೆ ಬರುತ್ತದೆ.) ಸೂರ್ಯಬಿಂಬದ ಅಗಲ ಸುಮಾರು 32 ಕಲೆ: ಭೂಮಿ ಹತ್ತಿರವಿರುವ ಜನವರಿಯ ಮೊದಲ ವಾರದಲ್ಲಿ 32.5, ದೂರವಿರುವ ಜುಲೈಯಲ್ಲಿ 31.5.

ನಮ್ಮ ನಾಡಿನಲ್ಲಿ ಒಂದು ತೊಡಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಹೊತ್ತಿನಲ್ಲಿ ಅವನ ದಿಗಂಶ ಕೆಲವೇ ನಿಮಿಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹಾರಿಬಿಡುತ್ತದೆ. ಆಗ ದಿಗಂಶದಲ್ಲಿ ಹತ್ತು ಡಿಗ್ರಿ ತಪ್ಪು ಬಂತು ಎಂದು ಗಾಬರಿಯಾಗಬೇಡಿ. ಆಕಾಶದಲ್ಲಿ ಆ ತಪ್ಪಿನ ನಿಜವಾದ ಅಗಲ ಬಹಳ ಕಡಿಮೆ.

ಮೊಬೈಲ್ ಸಾಕೇ, ದೊಡ್ಡ ಕ್ಯಾಮೆರಾ ಬೇಕೇ?

ಮೊಬೈಲಿನ ಸಾಮಾನ್ಯ ಕ್ಯಾಮೆರಾದಲ್ಲಿ 12 ಮೆಗಾಪಿಕ್ಸೆಲ್ ಚಿತ್ರ ತೆಗೆದರೆ ಒಂದು ಡಿಗ್ರಿಗೆ ಸುಮಾರು 50 ಪಿಕ್ಸೆಲ್ ಸಿಗುತ್ತವೆ, ಇಡೀ ಸೂರ್ಯ 28 ಪಿಕ್ಸೆಲ್ ಅಗಲದ ಚುಕ್ಕೆಯಾಗುತ್ತಾನೆ. ಒಂದು ಪಿಕ್ಸೆಲ್ ಎಂದರೆ ಒಂದು ಕಲೆಗಿಂತ ತುಸು ಹೆಚ್ಚು. 300 ಮಿಲಿಮೀಟರ್ ಮಸೂರ, 4 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ ಬಿಂಬ ಸುಮಾರು 700 ಪಿಕ್ಸೆಲ್ ಅಗಲವಿರುತ್ತದೆ, ಒಂದು ಪಿಕ್ಸೆಲ್‌ಗೆ 2.75 ವಿಕಲೆ.

ದೊಡ್ಡ ಮಸೂರವೇ ಮೇಲು ಎನ್ನಿಸಬಹುದು, ಆದರೆ ಅದರ ಚೌಕಟ್ಟಿನೊಳಗೆ ಸೂರ್ಯನನ್ನು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಅವನು ಯಾವುದರಿಂದ ಎಷ್ಟು ದೂರ ಎಂದು ಹೇಳಲು ಆಧಾರವೇ ಸಿಗುವುದಿಲ್ಲ. ಬಿಂಬದ ಮೇಲಿನ ವಿವರ ಬೇಕಾದವರಿಗೆ ದೊಡ್ಡ ಮಸೂರ, ಆಕಾಶದಲ್ಲಿ ಎಲ್ಲಿದ್ದಾನೆ ಎಂದು ತಿಳಿಯಬೇಕಾದವರಿಗೆ ಅಗಲ ನೋಟದ ಮಸೂರ. ಈ ಪುಟದಲ್ಲಿರುವುದು ಹೆಚ್ಚಾಗಿ ಎರಡನೆಯವರ ಕೆಲಸ.

ನನ್ನ ಚಿತ್ರದಲ್ಲಿ ಸೂರ್ಯ ಬರೀ ಬಿಳಿ ಮುದ್ದೆಯಾಗಿ ಬರುತ್ತಾನೆ.

ಬೆಳಕು ಅತಿಯಾಗಿದೆ. ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಬಿಡುವ ಸೌರ ಫಿಲ್ಟರನ್ನು ಮಸೂರದ ಮುಂದೆ ಕಟ್ಟಿ. ಹಿಂಭಾಗದಲ್ಲಿ, ಅಂದರೆ ಕಣ್ಣಿನ ಕಡೆ, ಕಟ್ಟಬೇಡಿ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಎರಡು ತಂಪು ಕನ್ನಡಕ ಸೇರಿಸಿದ್ದು, ಇವು ಯಾವುವೂ ಬೇಡ. ಇವು ಕಣ್ಣು ಕುಕ್ಕುವುದನ್ನು ತಡೆದರೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಒಳಗೆ ಬಿಡುತ್ತವೆ. ಫಿಲ್ಟರ್ ಇಲ್ಲದೆ ಕ್ಯಾಮೆರಾದ ನೋಟದ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ.

ಹಳೆಯ ಚಿತ್ರವೊಂದರಲ್ಲಿ ಮುದ್ದೆಯೇ ಇದ್ದರೆ ಒಂದು ಉಪಾಯವಿದೆ. ಮಸೂರದೊಳಗೆ ಬೆಳಕು ಅತ್ತಿತ್ತ ಪುಟಿದು ಚಿತ್ರದ ಎದುರು ಮೂಲೆಯಲ್ಲಿ ಪುಟ್ಟ ಹಸಿರು ಅಥವಾ ನೀಲಿ ಚುಕ್ಕೆ ಮೂಡಿರುತ್ತದೆ, ನೋಡಿದ್ದೀರಲ್ಲ? ಬಹಳಷ್ಟು ಮೊಬೈಲ್‌ಗಳಲ್ಲಿ ಆ ಮರುಬಿಂಬ ಚಿತ್ರದ ಮಧ್ಯಬಿಂದುವಿನ ಆಚೆಗೆ, ಸೂರ್ಯನಷ್ಟೇ ದೂರದಲ್ಲಿ ಇರುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಮಂಗಳೂರು, ಕೊಡಗಿನ ಕಡೆ ಫಿಲ್ಟರ್ ಇಲ್ಲದೆ ತೆಗೆದ ಚಿತ್ರಗಳನ್ನು ಮತ್ತೆ ತೆರೆದು ನೋಡಿ: ಸೂರ್ಯ ಉರಿಯುವ ಗೋಳ, ಎದುರಿನ ಚುಕ್ಕೆ ಮಾತ್ರ ಅಚ್ಚುಕಟ್ಟಾದ ಬಳೆ, ಅದೂ ತಲೆಕೆಳಗಾಗಿ. ಸೂಕ್ಷ್ಮ ಅಳತೆಗೆ ಇದು ಸಾಲದು, ಸ್ಥೂಲ ಅಂದಾಜಿಗೆ ಸಾಕು.

ಬಿಂಬದ ಕೇಂದ್ರವನ್ನು ಹಿಡಿಯುವುದು ಹೇಗೆ?

ಅಂಚನ್ನು ಹಿಡಿದು ವೃತ್ತ ಕೂರಿಸಿ. ಬಿಂಬದ ಸುತ್ತ ನೂರಾರು ಅಂಚಿನ ಬಿಂದುಗಳನ್ನು ಆರಿಸಿ ಅವುಗಳಿಗೆ ಹೊಂದುವ ವೃತ್ತವನ್ನು ಲೆಕ್ಕ ಹಾಕಿದರೆ ಕೇಂದ್ರವು ಪಿಕ್ಸೆಲ್‌ನ ಹತ್ತನೇ ಒಂದು ಭಾಗದ ಆಸುಪಾಸಿಗೆ ಸಿಗುತ್ತದೆ. ಎಲ್ಲ ಬೆಳಕಿನ ಸರಾಸರಿ ತೆಗೆದು ಕೇಂದ್ರ ಹಿಡಿಯುವವರೂ ಇದ್ದಾರೆ. ಒಂದು ತೆಳು ಮೋಡ ಬಿಂಬದ ಅರ್ಧಕ್ಕೆ ಅಡ್ಡ ಬಂದರೆ ಸಾಕು, ಸರಾಸರಿ ಆಚೆ ಕಡೆಗೆ ವಾಲುತ್ತದೆ. ಇಡೀ ವಿಷಯದಲ್ಲಿ ಅತಿ ಸುಲಭದ ಭಾಗ ಇದು. ಆದರೂ ಎಲ್ಲರೂ ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ.

ಪಿಕ್ಸೆಲ್ ಲೆಕ್ಕವನ್ನು ಡಿಗ್ರಿಗೆ ತಿರುಗಿಸಲು ತ್ರೈರಾಶಿ ಸಾಕಲ್ಲವೇ?

ಸಾಲದು. ಸಾಮಾನ್ಯ ಮಸೂರ ಆಕಾಶದ ಗೋಳವನ್ನು ಚಪ್ಪಟೆ ಹಾಳೆಯ ಮೇಲೆ ಎಳೆದು ಕೂರಿಸುತ್ತದೆ. ಅಂಚಿಗೆ ಹೋದಂತೆ ಎಳೆತ ಹೆಚ್ಚು. ನನ್ನ ಮೊಬೈಲಿನ ಸಂಗಮ ದೂರ (ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಪಿಕ್ಸೆಲ್ ಲೆಕ್ಕದಲ್ಲಿ 3000. ಸೂರ್ಯ ಚಿತ್ರದ ಮಧ್ಯದಿಂದ 1000 ಪಿಕ್ಸೆಲ್ ಆಚೆ ಬಿದ್ದಿದ್ದಾನೆ ಎಂದುಕೊಳ್ಳಿ. ತ್ರೈರಾಶಿ ಹಾಕಿದರೆ 19.1 ಡಿಗ್ರಿ ಬರುತ್ತದೆ. ಸರಿಯಾದ ಲೆಕ್ಕ ಯಾವ ಕೋನದ ಟ್ಯಾಂಜೆಂಟ್ ಮೂರನೇ ಒಂದು ಎಂದು ಕೇಳುತ್ತದೆ: 18.4 ಡಿಗ್ರಿ. ವ್ಯತ್ಯಾಸ ಸುಮಾರು 40 ಕಲೆ. ಸೂರ್ಯನ ಅಗಲವೇ 32 ಕಲೆ!

ಇದರ ಮೇಲೆ ಮಸೂರದ ಸ್ವಂತ ಸೊಟ್ಟವೂ ಇದೆ. ಚದುರಂಗದ ಮನೆಗಳಂಥ ಹಾಳೆಯನ್ನು ಹಲವು ಕೋನಗಳಿಂದ ಚಿತ್ರಿಸಿ, ಓಪನ್‌ಸಿವಿಯಂಥ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಆ ಸೊಟ್ಟವನ್ನು ಲೆಕ್ಕ ಹಾಕಿಕೊಡುತ್ತದೆ. ಮೊಬೈಲ್ ತಾನೇ ಚಿತ್ರವನ್ನು ತಿದ್ದಿ ಉಳಿಸುತ್ತದೆ ಎಂಬುದು ನೆನಪಿರಲಿ. ಜೂಮ್ ಬದಲಾದರೆ ತಿದ್ದುವ ರೀತಿಯೂ ಬದಲಾಗುತ್ತದೆ. ಆದಷ್ಟು ತಿದ್ದದ ರಾ ಚಿತ್ರವನ್ನೇ ಬಳಸಿ, ಫೋಕಸ್ ಸ್ಥಿರವಾಗಿಡಿ, ಕೈನಡುಕ ತಡೆಯುವ ವ್ಯವಸ್ಥೆಯನ್ನು ನಿಲ್ಲಿಸಿಬಿಡಿ. ಆ ವ್ಯವಸ್ಥೆ ಮಸೂರವನ್ನೇ ಅಲುಗಾಡಿಸುತ್ತದೆ.

ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿತ್ತು ಎಂದು ತಿಳಿಯುವುದು ಹೇಗೆ?

ಕಷ್ಟವೆಲ್ಲ ಇರುವುದು ಈ ಪ್ರಶ್ನೆಯಲ್ಲಿ. ಚಿತ್ರದೊಳಗೆ ಸೂರ್ಯ ಎಲ್ಲಿದ್ದಾನೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಚಿತ್ರವೇ ಆಕಾಶದಲ್ಲಿ ಎಲ್ಲಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಮೊಬೈಲಿನ ದಿಕ್ಸೂಚಿಯನ್ನು ನಂಬಬೇಡಿ. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಅದನ್ನು ಹಲವು ಡಿಗ್ರಿ ಎಳೆದುಬಿಡುತ್ತದೆ.

ನಾನು ಮೆಚ್ಚಿದ ವಿಧಾನ ನಕ್ಷತ್ರಗಳದ್ದು. ಸಂಜೆಯೇ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬಿಗಿದು, ಫೋಕಸ್ ಉಂಗುರಕ್ಕೆ ಅಂಟುಪಟ್ಟಿ ಸುತ್ತಿ, ಟ್ರೈಪಾಡಿನ ಕಾಲಿಗೆ ಮರಳಿನ ಚೀಲ ಕಟ್ಟಿ. ಕತ್ತಲಾದ ಮೇಲೆ ಹತ್ತು ಸೆಕೆಂಡಿನ ಕೆಲವು ಚಿತ್ರಗಳು. ಯಾವ ಕ್ಷಣಕ್ಕೆ ಯಾವ ನಕ್ಷತ್ರ ಎಲ್ಲಿರುತ್ತದೆ ಎಂಬುದು ಕರಾರುವಾಕ್ಕಾಗಿ ಗೊತ್ತಿರುವ ಸಂಗತಿ. ನಗರದ ಬೆಳಕಿನಲ್ಲೂ ಇಪ್ಪತ್ತು ನಕ್ಷತ್ರ ಸಿಕ್ಕರೆ ಕ್ಯಾಮೆರಾದ ದಿಕ್ಕು, ವಾಲು, ಸಂಗಮ ದೂರ, ಸೊಟ್ಟ ಎಲ್ಲವೂ ಒಂದೇ ಲೆಕ್ಕದಲ್ಲಿ ಹೊರಬರುತ್ತವೆ. ಬೆಳಿಗ್ಗೆ ಸೂರ್ಯ ಅದೇ ಚೌಕಟ್ಟಿಗೆ ಬಂದಾಗ ಫಿಲ್ಟರ್ ಹಿಡಿದು ಕ್ಲಿಕ್ಕಿಸಿದರೆ ಮುಗಿಯಿತು. ನಡುವೆ ಯಾರೂ ಟ್ರೈಪಾಡ್ ಮುಟ್ಟಬಾರದು. ನಮ್ಮ ಮನೆಯಲ್ಲಿ ಒಮ್ಮೆ ಬೆಳಗಿನ ಜಾವ ಅದರ ಮೇಲೆ ಒದ್ದೆ ಪಂಚೆ ಒಣಗುತ್ತಿತ್ತು. ಅಮ್ಮನನ್ನು ಕೇಳಿದರೆ, ‘ಖಾಲಿ ನಿಂತಿತ್ತಲ್ಲಪ್ಪಾ’ ಎಂದರು.

ಕರಾವಳಿಯವರಿಗೆ ಸಮುದ್ರವೇ ರಸಮಟ್ಟ. ಮಲ್ಪೆಯಲ್ಲೋ ಕಾರವಾರದಲ್ಲೋ ಸಂಜೆಯ ಸೂರ್ಯನನ್ನೂ ಕಡಲಂಚನ್ನೂ ಒಂದೇ ಚೌಕಟ್ಟಿನಲ್ಲಿ ತೆಗೆದರೆ ಉನ್ನತಿ ನೇರವಾಗಿ ಸಿಗುತ್ತದೆ. ನಿಮ್ಮ ಕಣ್ಣು ನೀರಿಗಿಂತ ಎತ್ತರದಲ್ಲಿರುವುದರಿಂದ ಕಡಲಂಚು ನಿಜವಾದ ಮಟ್ಟಕ್ಕಿಂತ ತುಸು ಕೆಳಗೆ ಕಾಣುತ್ತದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.76ರಿಂದ ಗುಣಿಸಿದರೆ ಆ ಇಳಿತ ಕಲೆಗಳಲ್ಲಿ ಬರುತ್ತದೆ: 3 ಮೀಟರಿಗೆ 3 ಕಲೆ, 100 ಮೀಟರಿನ ಗುಡ್ಡದ ಮೇಲಿಂದ 17.6 ಕಲೆ.

ದಿಗಂಶಕ್ಕೆ ದೂರದ ಗೋಪುರ, ನೀರಿನ ಟ್ಯಾಂಕ್, ಮೊಬೈಲ್ ಟವರ್‌ಗಳ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಿಂದ ತೆಗೆದುಕೊಳ್ಳಬಹುದು. 3 ಕಿಲೋಮೀಟರ್ ದೂರದ ಗುರುತು ನಕ್ಷೆಯಲ್ಲಿ 5 ಮೀಟರ್ ಪಕ್ಕಕ್ಕಿದ್ದರೆ ತಪ್ಪು ಸುಮಾರು 6 ಕಲೆ.

ಗಡಿಯಾರ ಎಷ್ಟು ಸರಿಯಿರಬೇಕು?

ಭೂಮಿ ತನ್ನ ಸುತ್ತ ತಾನೇ ತಿರುಗುವುದರಿಂದ ಸೂರ್ಯ ಗಂಟೆಗೆ 15 ಡಿಗ್ರಿ, ಸೆಕೆಂಡಿಗೆ 15 ವಿಕಲೆ ಸರಿಯುತ್ತಾನೆ. ನಾಲ್ಕು ಸೆಕೆಂಡಿಗೆ ಒಂದು ಕಲೆ, ಎರಡು ನಿಮಿಷಕ್ಕೆ ತನ್ನ ಇಡೀ ಅಗಲ.

ಒಮ್ಮೆ ನನ್ನ ಅಳತೆಗಳೆಲ್ಲ ಅರ್ಧ ಡಿಗ್ರಿಗೂ ಹೆಚ್ಚು ತಪ್ಪತೊಡಗಿದವು. ಮಸೂರವನ್ನು ಬೈದೆ, ಚದುರಂಗದ ಹಾಳೆಯನ್ನು ಎರಡು ಬಾರಿ ಚಿತ್ರಿಸಿದೆ, ಹೊಸ ಟ್ರೈಪಾಡ್ ಕೊಳ್ಳುವ ಮಾತೂ ಆಡಿದೆ. ಮೂರನೆಯ ದಿನ ತಪ್ಪುಗಳನ್ನೆಲ್ಲ ಹಾಳೆಯ ಮೇಲೆ ಬಾಣಗಳಾಗಿ ಬರೆದೆ, ಸೂರ್ಯ ಇರಬೇಕಾದ ಜಾಗದಿಂದ ನಾನು ಅಳೆದ ಜಾಗಕ್ಕೆ. ಬೆಳಗಿನ ಬಾಣಗಳು ಮೇಲಕ್ಕೆ, ಸಂಜೆಯವು ಕೆಳಕ್ಕೆ: ಸೂರ್ಯ ಎತ್ತ ಹೋಗುತ್ತಾನೋ ಬಾಣಗಳೂ ಅತ್ತಲೇ. ಕ್ಯಾಮೆರಾದ ಗಡಿಯಾರ 2 ನಿಮಿಷ 10 ಸೆಕೆಂಡ್ ಹಿಂದಿತ್ತು. ಅಂದಿನಿಂದ ಬಾಣ ಬರೆಯದೆ ಯಾವ ತಪ್ಪನ್ನೂ ಹುಡುಕುವುದಿಲ್ಲ. ತಪ್ಪು ಸೂರ್ಯನ ದಾರಿಯುದ್ದಕ್ಕೂ ಇದ್ದರೆ ಗಡಿಯಾರದ್ದು. ದಿನವಿಡೀ ಒಂದೇ ಕಡೆಗಿದ್ದರೆ ಕ್ಯಾಮೆರಾ ವಾಲಿದೆ. ಚೌಕಟ್ಟಿನ ಅಂಚಿನಲ್ಲಿ ಮಾತ್ರ ಹೆಚ್ಚುತ್ತಿದ್ದರೆ ಮಸೂರದ್ದು.

ಪರಿಹಾರ ಸುಲಭ. ಅಳತೆಗೆ ಮುಂಚೆ ಮತ್ತು ನಂತರ, ಜಿಪಿಎಸ್ ಅಥವಾ ಅಂತರಜಾಲದ ಸಮಯ ತೋರಿಸುವ ಮೊಬೈಲಿನ ಪರದೆಯನ್ನು ಅದೇ ಕ್ಯಾಮೆರಾದಿಂದ ಚಿತ್ರಿಸಿ. ಭಾರತದ ಪ್ರಮಾಣ ಕಾಲವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ, ನಿಮ್ಮ ಊರಿನದಲ್ಲ. ಬೆಂಗಳೂರಿನಲ್ಲಿ ಸೂರ್ಯ ನಡುಬಾನಿಗೆ ಬರುವುದು ನವೆಂಬರ್ ಮೊದಲಲ್ಲಿ 12 ಗಂಟೆ 3 ನಿಮಿಷಕ್ಕೆ, ಫೆಬ್ರುವರಿ ನಡುವಿನಲ್ಲಿ 12 ಗಂಟೆ 34 ನಿಮಿಷಕ್ಕೆ.

ಗಾಳಿಯಿಂದ ಆಗುವ ವಕ್ರೀಭವನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಸೂರ್ಯ ಕೆಳಗಿದ್ದಾಗ ಕಡ್ಡಾಯ. ವಾತಾವರಣ ಬೆಳಕನ್ನು ಬಾಗಿಸಿ ಸೂರ್ಯನನ್ನು ಎತ್ತಿ ತೋರಿಸುತ್ತದೆ: 45 ಡಿಗ್ರಿ ಉನ್ನತಿಯಲ್ಲಿ 1 ಕಲೆ, 20ರಲ್ಲಿ 2.6, 10ರಲ್ಲಿ 5.3, ದಿಗಂತದಲ್ಲಿ ಸುಮಾರು 34. ಮುಳುಗುವ ಸೂರ್ಯನ ಕೆಳ ಅಂಚು ನೀರನ್ನು ಮುಟ್ಟಿದಂತೆ ಕಾಣುವ ಹೊತ್ತಿಗೆ ನಿಜವಾದ ಸೂರ್ಯ ಹೆಚ್ಚುಕಡಿಮೆ ಪೂರ್ತಿ ಮುಳುಗಿಯಾಗಿರುತ್ತದೆ. ಕೆಳ ಅಂಚನ್ನು ಮೇಲಿನದಕ್ಕಿಂತ ಹೆಚ್ಚು ಎತ್ತುವುದರಿಂದಲೇ ಬಿಂಬ ಮೊಟ್ಟೆಯಂತೆ ಚಪ್ಪಟೆಯಾಗುವುದು. ಆಗ ವೃತ್ತ ಕೂರಿಸಿದರೆ ಕೂರುವುದಿಲ್ಲ. ದಿಗಂತದ ಬಳಿ ಈ ಎತ್ತುವಿಕೆ ಅಂದಂದಿನ ಶಾಖ, ಒತ್ತಡಗಳಿಗೆ ತಕ್ಕಂತೆ ಏರುಪೇರಾಗುತ್ತದೆ. ಆದ್ದರಿಂದ ನಿಖರತೆ ಬೇಕಿದ್ದರೆ 15 ಡಿಗ್ರಿಗಿಂತ ಕೆಳಗೆ ಅಳೆಯಬೇಡಿ.

ಬೆಳಕು ಬರಲು 8 ನಿಮಿಷ ಬೇಕು. ಹಾಗಾದರೆ ಸೂರ್ಯ ಕಾಣುವ ಜಾಗದಿಂದ 2 ಡಿಗ್ರಿ ಮುಂದಿರುವುದಿಲ್ಲವೇ?

ತಿಂಗಳಿಗೊಬ್ಬರಾದರೂ ಇದನ್ನು ಕೇಳುತ್ತಾರೆ. ಇಲ್ಲ. ಗಂಟೆಗೆ 15 ಡಿಗ್ರಿ ಸರಿಯುವುದು ಸೂರ್ಯನಲ್ಲ, ತಿರುಗುತ್ತಿರುವವರು ನಾವು. ತಿರುಗುವ ತಿರುಗಣಿಯ ಮೇಲೆ ಕುಳಿತು ದೂರದ ದೀಪ ನೋಡಿದರೆ, ಬೆಳಕು ಬಂದು ತಲುಪುವ ದಿಕ್ಕಿನಲ್ಲಿಯೇ ದೀಪವೂ ಇರುತ್ತದೆ. ಉಳಿಯುವುದು ಭೂಮಿ ಸೂರ್ಯನನ್ನು ಸುತ್ತುವ ಓಟದ ಪರಿಣಾಮ ಮಾತ್ರ, ಸುಮಾರು 20 ವಿಕಲೆ. ಒಳ್ಳೆಯ ತಂತ್ರಾಂಶಗಳು ಅದನ್ನು ಆಗಲೇ ಸೇರಿಸಿರುತ್ತವೆ.

ನನ್ನ ಉತ್ತರವನ್ನು ಯಾವುದಕ್ಕೆ ಹೋಲಿಸಲಿ?

ಸೂರ್ಯನ ಸ್ಥಾನವನ್ನು ಲೆಕ್ಕ ಹಾಕಿಕೊಡುವ ತಂತ್ರಾಂಶಗಳಿಗೆ: ನಾಸಾದ ಜೆಪಿಎಲ್‌ನವರ ಹೊರೈಜನ್ಸ್, ಪೈಥಾನ್ ಬಲ್ಲವರಿಗೆ ಸ್ಕೈಫೀಲ್ಡ್, ಉಳಿದವರಿಗೆ ಸ್ಟೆಲೇರಿಯಂ. ಸ್ಟೆಲೇರಿಯಂನಲ್ಲಿ ವಾತಾವರಣವನ್ನು ತೆಗೆದರೆ ಒಂದು ಉನ್ನತಿ, ಹಾಕಿದರೆ ಇನ್ನೊಂದು. ನಿಮ್ಮದು ಯಾವುದಕ್ಕೆ ಸಮ ಎಂದು ಮೊದಲೇ ತೀರ್ಮಾನಿಸಿ. ಲೆಕ್ಕದಲ್ಲಿ ವಿಶ್ವ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ 5 ಗಂಟೆ 30 ನಿಮಿಷದ ವ್ಯತ್ಯಾಸವನ್ನು ಮರೆತವರ ಸೂರ್ಯ ನಡುಹಗಲಲ್ಲಿ ನೆಲದಡಿ ಸಿಕ್ಕಿದ್ದೂ ಉಂಟು.

ಕ್ಯಾಮೆರಾವನ್ನು ಸೂರ್ಯನ ಕಡೆಗೆ ತಿರುಗಿಸದೆಯೇ ಅಳೆಯಬಹುದೇ?

ಬಹುದು. ಶಾಲೆಗಳಿಗೆ ನಾನು ಹೇಳುವುದು ಇದನ್ನೇ. ಹೆಂಚಿನ ಮನೆಯ ಸಂದಿಯಿಂದ ನೆಲದ ಮೇಲೆ ಬೀಳುವ ದುಂಡು ಬೆಳಕು ಸೂರ್ಯನ ಬಿಂಬವೇ. ರಂಧ್ರದಿಂದ ಒಂದು ಮೀಟರ್ ದೂರಕ್ಕೆ ಬಿಂಬ 9.3 ಮಿಲಿಮೀಟರ್ ಅಗಲ. ಬಿಂಬ ಬೀಳುವಲ್ಲಿ ಗ್ರಾಫ್ ಹಾಳೆ ಹಾಸಿ ಮೊಬೈಲಿನಿಂದ ಚಿತ್ರ ತೆಗೆಯಿರಿ. ಓರೆಯಾಗಿ ತೆಗೆದರೂ ಚಿಂತೆಯಿಲ್ಲ, ಹಾಳೆಯ ನಾಲ್ಕು ಮೂಲೆಗಳಿಂದ ಚಿತ್ರವನ್ನು ನೇರ ಮಾಡಿಕೊಳ್ಳಬಹುದು. ರಂಧ್ರದಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ಬುಡದ ಗುರುತು ಹಾಕಿ. ಎತ್ತರ, ದೂರ ಎರಡೂ ಸಿಕ್ಕರೆ ಉನ್ನತಿ ಸಿಕ್ಕಿತು.

ಜೈಪುರದ ಜಂತರ್ ಮಂತರ್‌ನಲ್ಲಿ ಸವಾಯಿ ಜಯಸಿಂಹ ಕಟ್ಟಿಸಿದ ಷಷ್ಠಾಂಶ ಯಂತ್ರ ಇದೇ ತತ್ತ್ವದ್ದು: ಕತ್ತಲೆ ಕೋಣೆ, ಸಣ್ಣ ರಂಧ್ರ, 60 ಡಿಗ್ರಿಯ ಅಳತೆಯ ಕಮಾನು, ಅದರ ಮೇಲೆ ನಡುಹಗಲಿನ ಬಿಂಬ.

ಇದರಿಂದ ನನ್ನ ಊರಿನ ಅಕ್ಷಾಂಶ ತಿಳಿಯಬಹುದೇ?

ನನ್ನ ಲೆಕ್ಕವನ್ನೇ ಕೊಡುತ್ತೇನೆ. ಡಿಸೆಂಬರ್ 21, ಮೈಸೂರು, 12 ಗಂಟೆ 21 ನಿಮಿಷದ ಸುಮಾರು. ರಂಧ್ರದ ಎತ್ತರ 2.4 ಮೀಟರ್, ಬುಡದಿಂದ ಬಿಂಬದ ಕೇಂದ್ರಕ್ಕೆ 1.730 ಮೀಟರ್. ಉನ್ನತಿ 54 ಡಿಗ್ರಿ 13 ಕಲೆ; ವಕ್ರೀಭವನ ಕಳೆದರೆ 54 ಡಿಗ್ರಿ 12 ಕಲೆ. ಅಂದು ಸೂರ್ಯನ ಕ್ರಾಂತಿ (ಆಕಾಶದ ಸಮಭಾಜಕದಿಂದ ಅವನಿರುವ ಕೋನದ ದೂರ) ದಕ್ಷಿಣಕ್ಕೆ 23 ಡಿಗ್ರಿ 26 ಕಲೆ. 90ರಿಂದ ಎರಡನ್ನೂ ಕಳೆದರೆ ಅಕ್ಷಾಂಶ 12 ಡಿಗ್ರಿ 22 ಕಲೆ.

ಮನೆಯ ನಿಜವಾದ ಅಕ್ಷಾಂಶ 12 ಡಿಗ್ರಿ 18 ಕಲೆ. ಒಂದು ಕಲೆಗೆ 1.85 ಕಿಲೋಮೀಟರಿನಂತೆ, ನನ್ನ ಮನೆ ಏಳೂವರೆ ಕಿಲೋಮೀಟರ್ ಉತ್ತರಕ್ಕೆ, ಶ್ರೀರಂಗಪಟ್ಟಣದ ಕಡೆಗೆ ಅರ್ಧ ದಾರಿ ಹೋಗಿ ಕುಳಿತಿತ್ತು. ತೂಗುಗುಂಡು ಗಾಳಿಗೆ ಓಲಾಡುತ್ತಿದ್ದಾಗಲೇ ಬುಡದ ಗುರುತು ಹಾಕಿದ್ದೆ, 4 ಮಿಲಿಮೀಟರ್ ಆಚೆಗೆ. ಈಗ ಮೊದಲು ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಓಲಾಟ ನಿಲ್ಲಿಸುತ್ತೇನೆ. ನಡುಹಗಲಲ್ಲಿ ಉನ್ನತಿ ನಿಧಾನವಾಗಿ ಬದಲಾಗುವುದರಿಂದ ಈ ಒಂದು ಅಳತೆಗೆ ಮಾತ್ರ ಗಡಿಯಾರದ ಹಂಗು ಕಡಿಮೆ.

ದೇವಾಲಯಗಳಲ್ಲಿ ಇಂಥ ದಿನವೇ ಸೂರ್ಯಕಿರಣ ಬೀಳುತ್ತದೆ ಎನ್ನುತ್ತಾರೆ. ಪರೀಕ್ಷಿಸಬಹುದೇ?

ಬೆಂಗಳೂರಿನ ಗವಿ ಗಂಗಾಧರೇಶ್ವರ ಎಲ್ಲರಿಗೂ ಗೊತ್ತು: ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಕಿರಣ ಲಿಂಗವನ್ನು ಮುಟ್ಟುತ್ತದೆ. ಜನವರಿ ನಡುವಿನಲ್ಲಿ ಸೂರ್ಯನ ಕ್ರಾಂತಿ ದಿನಕ್ಕೆ ಸುಮಾರು 10 ಕಲೆ ಬದಲಾಗುತ್ತದೆ, ಅಂದರೆ ಬಿಂಬದ ಅಗಲದ ಮೂರನೇ ಒಂದು. ಹಾಗಾಗಿ ಹಿಂದಿನ, ಮುಂದಿನ ದಿನಗಳಲ್ಲೂ ಸೂರ್ಯ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿರುತ್ತಾನೆ. ನವೆಂಬರ್ ಕೊನೆಯ ವಾರದಲ್ಲೂ ಕ್ರಾಂತಿ ಅಷ್ಟೇ ಇರುತ್ತದೆ. ಸಂಕ್ರಾಂತಿಯೋ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜರುಗುವ ಹಬ್ಬ. ಸೂರ್ಯನ ದಾರಿ ಹಬ್ಬದ ಜೊತೆ ಜರುಗುವುದಿಲ್ಲ. ಇವನ್ನೆಲ್ಲ ಚಿತ್ರಗಳಿಂದ ಅಳೆಯಬಹುದು. ಗರ್ಭಗುಡಿಯ ಚಿತ್ರ ಬೇಕಿಲ್ಲ, ಹೊರಗಿನ ಕಿಟಕಿ, ಕಂಬಗಳ ದಿಕ್ಕು ಸಿಕ್ಕರೆ ಸಾಕು. ಅರ್ಚಕರ ಅನುಮತಿ ಮೊದಲು ಪಡೆಯಿರಿ.

ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನು ತೆಗೆದ ದಿನ ಹೇಳಬಹುದೇ?

ವಾಟ್ಸಾಪ್ ಚಿತ್ರದೊಳಗಿನ ಸಮಯದ ಮಾಹಿತಿಯನ್ನು ಅಳಿಸಿಬಿಡುತ್ತದೆ. ಜಾಗ ಗೊತ್ತಿದ್ದು, ನೆಟ್ಟಗಿನ ಕಂಬವೊಂದರ ನೆರಳಿನ ದಿಕ್ಕು, ಉದ್ದ ಸಿಕ್ಕರೆ ಹೇಳಬಹುದು, ಆದರೆ ಉತ್ತರ ಸಾಮಾನ್ಯವಾಗಿ ಎರಡು ದಿನಾಂಕಗಳು: ಸೂರ್ಯ ಉತ್ತರಕ್ಕೆ ಹೋಗುವಾಗ ಒಂದು, ಮರಳುವಾಗ ಇನ್ನೊಂದು. ಮರದಲ್ಲಿ ಹೂವಿದೆಯೇ, ಗದ್ದೆಯಲ್ಲಿ ಬೆಳೆಯಿದೆಯೇ ಎಂದು ನೋಡಿ ಆರಿಸಿಕೊಳ್ಳಬೇಕು.

ಸೌರಕಲೆಗಳ ಸ್ಥಾನ ಗುರುತಿಸಲು ಸೂರ್ಯನ ಮೇಲೆ ದಿಕ್ಕು ತಿಳಿಯುವುದು ಹೇಗೆ?

ಕ್ಯಾಮೆರಾ ಅಲುಗಿಸದೆ ಒಂದು ನಿಮಿಷದ ಅಂತರದಲ್ಲಿ ಎರಡು ಚಿತ್ರ ತೆಗೆಯಿರಿ. ಬಿಂಬ ಸರಿದ ಗೆರೆಯೇ ಆಕಾಶದ ಪೂರ್ವ ಪಶ್ಚಿಮ, ಸರಿದ ಕಡೆ ಪಶ್ಚಿಮ. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತಿದ್ದಾರೆ. ಅದನ್ನು ಈಗ ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಆ ಗಾಜಿನ ಫಲಕಗಳನ್ನು ಡಿಜಿಟಲ್ ಮಾಡಿದ ಮೇಲೂ ಕಲೆಗಳನ್ನು ಅಳೆಯಲು ಬೇಕಾಗುವುದು ಇವೇ ಮೂರು: ಕೇಂದ್ರ, ತ್ರಿಜ್ಯ, ಉತ್ತರ ದಿಕ್ಕು.

ವರ್ಷವಿಡೀ ಒಂದೇ ಹೊತ್ತಿಗೆ ಚಿತ್ರ ತೆಗೆದರೆ ಎಂಟರ ಆಕೃತಿ ಬರುತ್ತದಂತೆ?

ಬರುತ್ತದೆ. ಉದ್ದ ಸುಮಾರು 47 ಡಿಗ್ರಿ, ಅಗಲ ಅದಕ್ಕಿಂತ ಬಹಳ ಕಡಿಮೆ. ಭೂಮಿಯ ಅಕ್ಷದ ವಾಲು, ದೀರ್ಘವೃತ್ತದ ದಾರಿ ಎರಡೂ ಸೇರಿ ಅದನ್ನು ಬರೆಯುತ್ತವೆ. ವಾರಕ್ಕೊಂದು ಚಿತ್ರ ಸಾಕು, ಸಮಯ ಮಾತ್ರ ಸೆಕೆಂಡ್ ತಪ್ಪಬಾರದು. ನನ್ನದು ಬೆಳಿಗ್ಗೆ 9 ಗಂಟೆಯದು. ಜನವರಿಯಿಂದ ಮೇ ವರೆಗೆ ಸಾಲಾಗಿ ಚುಕ್ಕೆಗಳು; ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಮುಂಗಾರು ಬಿಟ್ಟುಕೊಟ್ಟದ್ದು ನಾಲ್ಕೇ ಚುಕ್ಕೆ. ಎಂಟರ ನೆತ್ತಿ ಇನ್ನೂ ತೆರೆದೇ ಇದೆ. ಬರುವ ಜೂನ್‌ನಲ್ಲಿ ಮತ್ತೆ ಟ್ರೈಪಾಡ್ ಇಡುತ್ತೇನೆ, ಅಮ್ಮನಿಗೂ ಹೇಳಿಟ್ಟಿದ್ದೇನೆ.